ಕ್ರ್ಯಾಂಕ್ ಸ್ಪ್ರಾಕೆಟ್ ಮತ್ತು ಅದರ ನಡುವಿನ ಬೋಲ್ಟ್

ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರಿಗೆ ಎಂಜಿನ್ನಿನ ವಾಲ್ವುಗಳನ್ನೂ ಡೀಸೆಲ್ ಪಂಪನ್ನೂ ತಾಳ ತಪ್ಪದಂತೆ ನಡೆಸುವ ಟೈಮಿಂಗ್ ಬೆಲ್ಟಿನ ಬಗ್ಗೆ ಎಚ್ಚರಿಕೆ ಹೇಳುವವರು ಬಹಳ ಮಂದಿ ಸಿಗುತ್ತಾರೆ. ಆದರೆ ಆ ಬೆಲ್ಟನ್ನು ಎಳೆಯುವ ಹಲ್ಲಿನ ಚಕ್ರವಾದ ಕ್ರ್ಯಾಂಕ್ ಸ್ಪ್ರಾಕೆಟ್ಟಿನ ವಿಚಾರ ಎತ್ತುವವರು ಅಪರೂಪ. 1976ರಲ್ಲಿ ಗಾಲ್ಫ್ ಕಾರಿಗೆ ಬಂದ ಫೋಕ್ಸ್‌ವ್ಯಾಗನ್ನಿನ 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿಯೂ, ನನ್ನ ಬಳಿ ಇರುವ ಸ್ಕೋಡಾ ಆಕ್ಟೇವಿಯಾದ 1.9 ಟಿಡಿಐ ಎಂಜಿನ್ನಿನಲ್ಲಿಯೂ ಈ ಸ್ಪ್ರಾಕೆಟ್ಟನ್ನು ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಮೂತಿಗೆ ಬಿಗಿದಿರುವುದು ನಡುವಿನ ಒಂದೇ ಒಂದು ದೊಡ್ಡ ಬೋಲ್ಟ್.

ಸ್ಪ್ರಾಕೆಟ್ಟನ್ನು ತಿರುಗಿಸುವುದು ಕೀ, ಅಂದರೆ ಅದಕ್ಕೂ ಕ್ರ್ಯಾಂಕಿಗೂ ನಡುವೆ ಕೂರುವ ಸಣ್ಣ ಲೋಹದ ತುಂಡು, ಎಂದು ಅನೇಕ ಮೆಕ್ಯಾನಿಕರು ನಂಬಿದ್ದಾರೆ. ಕೀ ಇರುವುದು ಸ್ಪ್ರಾಕೆಟ್ ಸರಿಯಾದ ಜಾಗದಲ್ಲಿ ಕೂರಲಿ ಎಂಬುದಕ್ಕೆ ಮಾತ್ರ. ಭಾರವನ್ನು ಹೊರುವುದು ಬೋಲ್ಟಿನ ಬಿಗಿತದಿಂದ ಎರಡು ಲೋಹದ ಮುಖಗಳ ನಡುವೆ ಹುಟ್ಟುವ ಘರ್ಷಣೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಎರಡು ಸ್ಫೋಟಗಳಾಗುವುದರಿಂದ, ನಿಮಿಷಕ್ಕೆ 900 ಸುತ್ತಿನ ಐಡಲ್‌ನಲ್ಲಿಯೇ ಕ್ರ್ಯಾಂಕ್ ಸೆಕೆಂಡಿಗೆ 30 ಸಲ ನಿಧಾನಗೊಂಡು ಮತ್ತೆ ಜಿಗಿಯುತ್ತದೆ. ಡೀಸೆಲ್‌ನ ಕಂಪ್ರೆಷನ್ ಹೆಚ್ಚಿರುವುದರಿಂದ ಈ ಜಗ್ಗಾಟವೂ ಬಿರುಸು. ಬೋಲ್ಟ್ ಕೊಂಚ ಸಡಿಲವಾದರೂ ಸ್ಪ್ರಾಕೆಟ್ ಕಣ್ಣಿಗೆ ಕಾಣದಷ್ಟು ಹಿಂದೆ ಮುಂದೆ ಆಡತೊಡಗಿ, ಮೊದಲು ಕೀಯನ್ನು, ಆಮೇಲೆ ಕ್ರ್ಯಾಂಕಿನ ಮೂತಿಯನ್ನೇ ಸವೆಸುತ್ತದೆ. ಕೀ ಮುರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ ಅಲ್ಲಿಗೆ ಮುಗಿಯುತ್ತದೆ.

ಅದಕ್ಕೂ ಮೊದಲು ಸೂಚನೆಗಳು ಸಿಗುತ್ತವೆ. ಸ್ಪ್ರಾಕೆಟ್ಟಿಗೆ ಬಿಗಿದ ಕೆಳಗಿನ ಪುಲ್ಲಿ ಓಲಾಡುತ್ತದೆ, ಸ್ಪ್ರಾಕೆಟ್ಟಿನ ಸುತ್ತ ತುಕ್ಕಿನ ಬಣ್ಣದ ಪುಡಿ ಕೂರುತ್ತದೆ, ಬೆಳಗಿನ ಸ್ಟಾರ್ಟ್ ತಡವಾಗುತ್ತದೆ, ಹೊಗೆ ಹೆಚ್ಚುತ್ತದೆ. ಪಂಪಿನ ಟೈಮಿಂಗ್ ಸರಿಪಡಿಸಿದ ಮೇಲೂ ಅದು ಮತ್ತೆ ಮತ್ತೆ ತಪ್ಪುತ್ತಿದ್ದರೆ ಪಂಪನ್ನು ಬೈಯುವುದು ಬಿಟ್ಟು ಕೆಳಗೆ ನೋಡಬೇಕು.

ತಡೆಯುವ ಮೊದಲ ಉಪಾಯವೆಂದರೆ ಆ ಬೋಲ್ಟನ್ನು ವಿನಾಕಾರಣ ಮುಟ್ಟದಿರುವುದು. ಬೆಲ್ಟ್ ಬದಲಿಸಲು ಪುಲ್ಲಿಯ ನಾಲ್ಕು ಸಣ್ಣ ಬೋಲ್ಟುಗಳನ್ನು ಬಿಚ್ಚಿದರೆ ಸಾಕು. ನಡುವಿನದನ್ನು ಬಿಚ್ಚಬೇಕಾಗುವುದು ಕ್ರ್ಯಾಂಕಿನ ಮುಂಭಾಗದ ಆಯಿಲ್ ಸೀಲ್ ಸೋರಿದಾಗ. ಬಿಚ್ಚಿದ ಮೇಲಂತೂ ಹಳೆಯ ಬೋಲ್ಟನ್ನು ಮತ್ತೆ ಹಾಕಕೂಡದು, ಏಕೆಂದರೆ ಅದು ಬಿಗಿಯುವಾಗ ಹಿಗ್ಗಿ, ಆ ಹಿಗ್ಗಿನಿಂದಲೇ ಹಿಡಿತ ಕೊಡುವ ಜಾತಿಯದು. ನನ್ನ ಎಂಜಿನ್ನಿಗೆ ಹೇಳಿರುವ ಅಳತೆ 120 ನ್ಯೂಟನ್ ಮೀಟರ್, ಅದರ ಮೇಲೆ ಇನ್ನೂ 90 ಡಿಗ್ರಿ. ಇದನ್ನು ಉದ್ದನೆಯ ಪೈಪ್ ಸಿಕ್ಕಿಸಿ ಅಂದಾಜಿನಲ್ಲಿ ಎಳೆಯುವುದೂ, ಗಾಳಿಯ ಗನ್ನಿನಿಂದ ಗರ್ರೆನಿಸುವುದೂ ಸಲ್ಲದು. ನಮ್ಮೂರಿನ ಗ್ಯಾರೇಜುಗಳಲ್ಲಿ ಎರಡೂ ಧಾರಾಳವಾಗಿ ನಡೆಯುತ್ತವೆ. ಎಂಜಿನ್ ತಿರುಗದಂತೆ ಸ್ಪ್ರಾಕೆಟ್ಟಿಗೇ ಹಿಡಿಕೆಯ ಪಟ್ಟಿ ಬಿಗಿದುಕೊಳ್ಳಬೇಕೇ ಹೊರತು, ಪಂಪ್ ಅಲುಗದಿರಲೆಂದು ಅದಕ್ಕೆ ಸಿಕ್ಕಿಸಿದ ಲಾಕ್ ಪಿನ್ನಿನ ಮೇಲೆ ಆ ಭಾರ ಹಾಕಬಾರದು.

ಕೂರುವ ಮುಖಗಳ ಶುಚಿತ್ವಕ್ಕೆ ನಾನು ಬೋಲ್ಟಿನಷ್ಟೇ ಮಹತ್ವ ಕೊಡುತ್ತೇನೆ. ಸೋರಿದ ಆಯಿಲ್, ಹಳೆಯ ತುಕ್ಕು, ಒಂದು ಚಿಕ್ಕ ಚೂರು, ಯಾವುದು ಉಳಿದರೂ ಬಿಗಿತ ಲೆಕ್ಕಕ್ಕೆ ಮಾತ್ರ ಸಿಗುತ್ತದೆ. ಸ್ಪ್ರಾಕೆಟ್ಟಿನ ಒಳಗೆ ಸವೆತದ ಗುರುತು ಕಂಡರೆ ಅದನ್ನು ಹಾಗೆಯೇ ಹಾಕದೆ ಹೊಸದನ್ನು ತರಿಸಬೇಕು. ಮೂತಿಯೇ ಸವೆದಿದ್ದರೆ ಅಂಟು ಹಾಕಿ ಕೂರಿಸುವವರೂ, ವೆಲ್ಡ್ ಮಾಡುವವರೂ ಇದ್ದಾರೆ. ಕಾರನ್ನು ಮಾರಿಬಿಡುವವರಿಗೆ ಅದು ಅನುಕೂಲವಿರಬಹುದು. ಘಾಟಿ ಹತ್ತಿಸುವವರಿಗೆ ಬೇಡ.

ಕೆಲಸ ಮುಗಿದ ಮೇಲೆ ಸ್ಟಾರ್ಟ್ ಮಾಡುವ ಆತುರ ಬೇಡ. ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ ಸ್ಪ್ಯಾನರಿನಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಫ್ಲೈವೀಲ್‌ನ ಗುರುತು ಸರಿಹೊಂದಿದಾಗ ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಮತ್ತು ಪಂಪಿನ ಲಾಕುಗಳು ಸಲೀಸಾಗಿ ಕೂರುತ್ತವೆಯೇ ಎಂದು ನೋಡಿ, ಆ ಮೇಲಷ್ಟೇ ಬೆಲ್ಟಿನ ಮುಚ್ಚಳ ಹಾಕಬೇಕು.