‘ಯಾರದ್ದು?’ ಎಂದು ಕೇಳಿದ ಮೇಲೆ ಕೇಳಬೇಕಾದದ್ದು

ನೆಲ, ನೀರು, ವನ್ಯಜೀವಿಗಳ ನಿರ್ವಹಣಾ ಯೋಜನೆಗಳನ್ನು ಬರೆಯುವುದು, ಬೇರೆಯವರು ಬರೆದದ್ದನ್ನು ಪರಿಶೀಲಿಸುವುದು ನನ್ನ ಕೆಲಸ. ಬಾವಿಗಳ ನೀರಿನ ಮಟ್ಟದ ದಾಖಲೆ, ಹುಲ್ಲುಗಾವಲಿನ ಮೇವಿನ ಅಂದಾಜು, ಪ್ರಾಣಿ ಗಣತಿಯ ವರದಿ, ಹಕ್ಕುಪತ್ರಗಳ ಕಟ್ಟು, ಇವುಗಳ ನಡುವೆಯೇ ದಿನ ಹೋಗುತ್ತದೆ. ಪ್ರತಿ ಕಡತದ ಮೊದಲ ಪುಟದಲ್ಲೂ ‘ಮಾಲೀಕತ್ವ’ ಎಂಬ ಕಲಂ ಇರುತ್ತದೆ: ಸರ್ಕಾರಿ, ಖಾಸಗಿ, ಇತರೆ. ಸಭೆಗಳಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಈ ಕಲಮಿನ ಮೇಲೆಯೇ. “ಸರ್ಕಾರದ ಕೈಯಲ್ಲಿದ್ದರೆ ಹೇಳೋರು ಕೇಳೋರು ಇರಲ್ಲ, ಹಾಳಾಗುತ್ತೆ” ಎನ್ನುತ್ತಾರೆ ಒಬ್ಬರು. “ಖಾಸಗಿಯವರಿಗೆ ಕೊಟ್ಟರೆ ಹಿಂಡಿ ಹಿಪ್ಪೆ ಮಾಡ್ತಾರೆ” ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಬಳಿಯೂ ನಿಜವಾದ ಉದಾಹರಣೆಗಳಿರುತ್ತವೆ. ಆದ್ದರಿಂದಲೇ ಆ ವಾದ ಮುಗಿಯುವುದಿಲ್ಲ.

ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಮಾಲೀಕತ್ವದ ಕಲಂ ಓದಿ ಆ ಜಾಗ ಹೇಗಿದೆ ಎಂದು ಊಹಿಸಲಾಗದು. ಅಲ್ಲಿ ಅಳೆಯುವವರು ಯಾರು, ‘ಇನ್ನು ಸಾಕು’ ಎಂದು ಹೇಳಿ ನಿಲ್ಲಿಸಬಲ್ಲವರು ಯಾರು, ಹಾಳಾದರೆ ನಷ್ಟ ಯಾರ ತಲೆಗೆ ಬರುತ್ತದೆ ಎಂದು ಗೊತ್ತಾದರೆ ಬಹುಮಟ್ಟಿಗೆ ಊಹಿಸಬಹುದು.

ಇದನ್ನು ನನಗೆ ಕಣ್ಣಿಗೆ ಕಟ್ಟಿದ ಹಾಗೆ ತೋರಿಸಿದ್ದು ಅಂತರ್ಜಲ. ಒಂದೇ ಜಲಪದರದ, ಅಂದರೆ ನೆಲದಡಿ ನೀರು ತುಂಬಿರುವ ಪದರದ, ಮೇಲೆ ಅಕ್ಕಪಕ್ಕದಲ್ಲಿ ಒಂದು ಸಾರ್ವಜನಿಕ ಜಮೀನು, ಒಂದು ಖಾಸಗಿ ಜಮೀನು. ಎರಡರಲ್ಲೂ ವೀಕ್ಷಣಾ ಬಾವಿ ಇತ್ತು. ಎರಡೂ ಬಾವಿಗಳ ಅಳತೆಗಳನ್ನು ಒಂದೇ ಹಾಳೆಯಲ್ಲಿ ಗೆರೆ ಎಳೆದು ನೋಡಿದರೆ ಯಾವ ಗೆರೆ ಯಾರದ್ದು ಎಂದು ಗುರುತಿಸುವುದೇ ಕಷ್ಟ, ಎರಡೂ ಒಟ್ಟಿಗೇ ಇಳಿಯುತ್ತಿದ್ದವು. ಸಾರ್ವಜನಿಕ ಜಮೀನಿನಲ್ಲಿ ಒಂದು ಪಂಪೂ ಇರಲಿಲ್ಲ. ಅದರಡಿಯ ನೀರು ಪಕ್ಕಕ್ಕೆ ಜಾರುತ್ತಿತ್ತು. ಪಕ್ಕದ ಮಾಲೀಕರೂ ದುರಾಸೆಯವರಲ್ಲ. ಅವರಾಚೆ ಇನ್ನೊಬ್ಬರು, ಅವರಾಚೆ ಮತ್ತೊಬ್ಬರು ನೀರೆತ್ತುತ್ತಿದ್ದರು. “ನಾನು ಪಂಪ್ ನಿಲ್ಲಿಸಿದರೆ ಆ ನೀರು ನನಗಂತ ಉಳಿಯುತ್ತಾ, ನೀವೇ ಹೇಳಿ” ಎಂದು ಅವರು ಕೇಳಿದ್ದರು. ಉಳಿಯುವುದಿಲ್ಲ. ಅವರ ಪ್ರಶ್ನೆಯಲ್ಲಿ ಇಡೀ ಸಮಸ್ಯೆ ಇತ್ತು.

1904ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಡೆನಿಸನ್ ಎಂಬಲ್ಲಿ ರೈಲ್ವೆ ಕಂಪನಿಯೊಂದು ತನ್ನ ಜಾಗದಲ್ಲಿ ದೊಡ್ಡ ಬಾವಿ ತೋಡಿ ದಿನಕ್ಕೆ ಸುಮಾರು 25,000 ಗ್ಯಾಲನ್ ನೀರೆತ್ತತೊಡಗಿತು. ನೆರೆಯವರ ಮನೆಬಳಕೆಯ ಬಾವಿ ಬತ್ತಿತು. ಕಂಪನಿಯ ಮೇಲೆ ಯಾವ ಹೊಣೆಯೂ ಇಲ್ಲ ಎಂದಿತು ನ್ಯಾಯಾಲಯ. ನಿಮ್ಮ ನೆಲದಿಂದ ನೀವೆತ್ತಿದ್ದೆಲ್ಲ ನಿಮ್ಮದು ಎಂಬುದು ಆ ತೀರ್ಪಿನ ಸಾರ. ಹೆಸರಿಗೆ ಇದು ಖಾಸಗಿ ಒಡೆತನ. ಆದರೆ ಒಡೆತನದ ಮುಖ್ಯ ಗುಣವೇ ಇಲ್ಲಿಲ್ಲ. ನಾನು ಬಳಸದೆ ಬಿಟ್ಟದ್ದು ನಾಳೆಯೂ ನನ್ನದಾಗಿರಬೇಕಲ್ಲವೇ? ಮೇಲೆತ್ತಿದ ಮೇಲೆ ಮಾತ್ರ ನೀರು ನನ್ನದು ಎಂಬ ಕಾನೂನಿದ್ದಾಗ ಎಲ್ಲರೂ ಬೇಗ ಎತ್ತಲು ನೋಡುತ್ತಾರೆ. ಅಂಥ ಕಡೆ ಉಳಿಸುವವರಿಗೇ ನಷ್ಟ.

ಇದಕ್ಕೆ ಎದುರಾಗಿ ನಾನು ಮತ್ತೆ ಮತ್ತೆ ಹೇಳುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಕಥೆ. ಅಲ್ಲಿ ರೇಮಂಡ್ ಜಲಾನಯನದಲ್ಲಿ ಎಲ್ಲರೂ ಮಿತಿಮೀರಿ ನೀರೆತ್ತುತ್ತಿದ್ದಾಗ ಪ್ಯಾಸಡೀನಾ ನಗರ 1937ರಲ್ಲಿ ಮೊಕದ್ದಮೆ ಹೂಡಿತು. ನೀರೆತ್ತುವವರು ಕೋರ್ಟಿನ ನೆರಳಿನಲ್ಲೇ ಕೂತು ಮಾತಾಡಿ, ಯಾರನ್ನೂ ಪೂರ್ತಿ ಹೊರಗಿಡದೆ, ಎಲ್ಲರೂ ತಮ್ಮ ತಮ್ಮ ಪಾಲಿಗೆ ತಕ್ಕಂತೆ ಕಡಿಮೆ ಮಾಡಿಕೊಳ್ಳುವ ಒಪ್ಪಂದಕ್ಕೆ ಬಂದರು. 1944ರಲ್ಲಿ ಅದು ತೀರ್ಪಾಯಿತು, 1949ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಾಸ್ ಏಂಜಲೀಸ್ ಬಳಿಯ ವೆಸ್ಟ್ ಬೇಸಿನ್‌ನಲ್ಲಿ ಸಮಸ್ಯೆ ಇನ್ನೂ ಗಂಭೀರ: ನೀರಿನ ಮಟ್ಟ ಕುಸಿದಂತೆ ಸಮುದ್ರದ ಉಪ್ಪು ನೀರು ಒಳನುಗ್ಗುತ್ತಿತ್ತು. ಅಲ್ಲೂ ಇದೇ ದಾರಿ ಹಿಡಿದರು. ಪ್ರತಿಯೊಬ್ಬರ ಪಾಲು ನಿಗದಿಯಾಯಿತು. ಆ ಪಾಲನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಯಾರು ಎಷ್ಟು ಎತ್ತಿದರು ಎಂಬುದು ಪ್ರತಿ ವರ್ಷ ಎಲ್ಲರಿಗೂ ವರದಿಯಾಗುತ್ತದೆ. 1959ರಲ್ಲಿ ಹುಟ್ಟಿದ ಸಾರ್ವಜನಿಕ ಸಂಸ್ಥೆಯೊಂದು ಎತ್ತಿದ ನೀರಿನ ಮೇಲೆ ಶುಲ್ಕ ವಸೂಲು ಮಾಡಿ ಜಲಪದರಕ್ಕೆ ನೀರು ಮರುಪೂರಣ ಮಾಡುತ್ತದೆ. ಕರಾವಳಿಯುದ್ದಕ್ಕೂ ಬಾವಿಗಳ ಮೂಲಕ ಸಿಹಿನೀರನ್ನು ಒಳಗಿಳಿಸಿ ಉಪ್ಪು ನೀರಿಗೆ ತಡೆ ಕಟ್ಟಿದ್ದಾರೆ.

ಇದನ್ನು ಖಾಸಗಿ ಎನ್ನಬೇಕೋ, ಸಾರ್ವಜನಿಕ ಎನ್ನಬೇಕೋ? ಪಾಲು ಖಾಸಗಿ, ತೀರ್ಪು ನ್ಯಾಯಾಲಯದ್ದು, ಮರುಪೂರಣ ಸಾರ್ವಜನಿಕ ಸಂಸ್ಥೆಯದ್ದು, ಒಪ್ಪಂದ ಬಳಕೆದಾರರದ್ದು. ನಮ್ಮ ಮೂರು ಆಯ್ಕೆಗಳ ಕಲಮಿನಲ್ಲಿ ಇದು ‘ಇತರೆ’ ಆಗುತ್ತದೆ. ಈ ವೆಸ್ಟ್ ಬೇಸಿನ್ ಬಗ್ಗೆಯೇ ಎಲಿನಾರ್ ಆಸ್ಟ್ರಮ್ 1965ರಲ್ಲಿ ಪಿಎಚ್‌ಡಿ ಮಾಡಿದ್ದು. ಮುಂದೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. 1992ರಲ್ಲಿ ಎಡೆಲ್ಲಾ ಶ್ಲಾಗರ್ ಜೊತೆ ಅವರು ಬರೆದ ಲೇಖನ ನನ್ನ ಕೆಲಸಕ್ಕೆ ನೇರವಾಗಿ ಒದಗಿತು. ಒಡೆತನವನ್ನು ಅವರು ಬಿಡಿಸಿ ನೋಡಿದರು: ಒಳಗೆ ಹೋಗುವ ಹಕ್ಕು, ಅಲ್ಲಿಂದ ಏನನ್ನಾದರೂ ತೆಗೆದುಕೊಳ್ಳುವ ಹಕ್ಕು, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಹಕ್ಕು, ಬೇರೆಯವರನ್ನು ಹೊರಗಿಡುವ ಹಕ್ಕು, ಮಾರುವ ಹಕ್ಕು. ಈ ಐದೂ ಒಬ್ಬರ ಕೈಯಲ್ಲೇ ಇರಬೇಕೆಂದಿಲ್ಲ. ಈಗ ಯಾವ ಕಡತ ಬಂದರೂ ನಾನು ಹಕ್ಕುಪತ್ರದ ಪಕ್ಕದಲ್ಲಿ ಈ ಐದನ್ನೂ ಬರೆದು, ಒಂದೊಂದರ ಮುಂದೆ ಹೆಸರು ತುಂಬುತ್ತೇನೆ. ಹೆಸರಿಲ್ಲದ ಕಡೆ ತೊಂದರೆ ಇದ್ದೇ ಇರುತ್ತದೆ. ಬಹುತೇಕ ಸಲ ಖಾಲಿ ಉಳಿಯುವುದು ನಾಲ್ಕನೆಯದು.

ಕಾನ್ಸಸ್‌ನ ರೈತರ ಉದಾಹರಣೆಯೂ ನನಗೆ ಅಚ್ಚುಮೆಚ್ಚು. ಅಮೆರಿಕದ ಆ ರಾಜ್ಯದಲ್ಲಿ, ಒಗಲ್ಲಾಲ ಜಲಪದರದ ಮೇಲಿನ ಒಂದು ಪ್ರದೇಶದಲ್ಲಿ, 2012ರಲ್ಲಿ ಬಂದ ಕಾನೂನಿನ ಬಲದಿಂದ, ನೀರಾವರಿಯನ್ನು ಶೇ. 20ರಷ್ಟು ಕಡಿಮೆ ಮಾಡುವ ಯೋಜನೆಯನ್ನು ರೈತರೇ ಮುಂದಿಟ್ಟರು. 2013ರಿಂದ ಅದು ಜಾರಿಗೆ ಬಂತು, ಅವಧಿ ಮುಗಿದ ಮೇಲೆ ಮುಂದುವರಿಸಿಕೊಂಡರು. ಕಡಿತದ ಮಾತು ರೈತರಿಂದ ಬಂತು, ಅದಕ್ಕೆ ಆದೇಶದ ಬಲ ರಾಜ್ಯದಿಂದ ಬಂತು. ಎರಡರಲ್ಲಿ ಒಂದಿಲ್ಲದಿದ್ದರೂ ಅದು ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನೀರಿನ ಹಕ್ಕನ್ನು ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ಕಣಿವೆ ನೋಡಲು ಹೇಳುತ್ತೇನೆ. ಅಲ್ಲಿ ನೀರಿನ ಹಕ್ಕನ್ನು ಭೂಮಿಯ ಹಕ್ಕಿನಿಂದ ಬೇರ್ಪಡಿಸಿ ಮಾರಲು ಅವಕಾಶ ಕೊಟ್ಟಾಗ, ಅದುವರೆಗೆ ಬಳಸದೇ ಬಿದ್ದಿದ್ದ ಪರವಾನಗಿಗಳಿಗೂ ಬೆಲೆ ಬಂತು, ಅವೂ ಬಳಕೆಗಿಳಿದವು. ಬರಗಾಲದಲ್ಲಿ ಅದೇ ಮಾರುಕಟ್ಟೆ ಹಣ್ಣಿನ ತೋಟಗಳನ್ನು ಉಳಿಸಿತು ಎಂಬುದೂ ನಿಜ. ಕೊನೆಗೆ ನದಿಗಾಗಿ ನೀರು ಬಿಡಲು ಸರ್ಕಾರವೇ ಹಕ್ಕುಗಳನ್ನು ಕೊಂಡುಕೊಳ್ಳಬೇಕಾಯಿತು.

ನೆಲದ ವಿಷಯದಲ್ಲಿ ನನಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ನೆಲ ಇದ್ದಲ್ಲೇ ಇರುತ್ತದೆ, ಗಡಿ ಕಲ್ಲು ನೆಡಬಹುದು. ಆದರೂ ಒಂದು ಮಾತು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಪರಿಸರ ವಿಜ್ಞಾನಿ, ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗದೆ ಇರದು ಎಂದು ವಾದಿಸಿದಾಗ, ಸರ್ಕಾರ ಇಲ್ಲವೇ ಖಾಸಗಿ ಎಂಬ ಎರಡೇ ದಾರಿ ಜನರ ತಲೆಯಲ್ಲಿ ಕೂತುಬಿಟ್ಟಿತು. ತಾನು ಹೇಳಬೇಕಿದ್ದದ್ದು ‘ನಿರ್ವಹಣೆಯಿಲ್ಲದ’ ಸಾಮೂಹಿಕ ನೆಲದ ಬಗ್ಗೆ ಎಂದು ಅವರೇ ಮುಂದೆ ತಿದ್ದಿಕೊಂಡರು, ಆ ತಿದ್ದುಪಡಿ ಅಷ್ಟು ಹರಡಲಿಲ್ಲ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯಲ್ಲಿ 1517ರಷ್ಟು ಹಿಂದೆಯೇ ಒಂದು ನಿಯಮವಿತ್ತು: ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸು ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕು. ಹೊಲ ಸ್ವಂತದ್ದು, ಬೆಟ್ಟದ ಹುಲ್ಲು ಎಲ್ಲರದ್ದು, ಒಂದರ ಮಿತಿಯನ್ನು ಇನ್ನೊಂದಕ್ಕೆ ಕಟ್ಟಿದರು. ನೇಪಾಳ 1957ರಲ್ಲಿ ಕಾಡುಗಳನ್ನು ರಾಷ್ಟ್ರೀಕರಣ ಮಾಡಿತು. ಕಾಯಲು ಸಿಬ್ಬಂದಿ ಸಾಲದು, ಊರವರಿಗೆ ಹಕ್ಕೂ ಇಲ್ಲ. 1993ರ ಅರಣ್ಯ ಕಾಯ್ದೆ ಬಳಕೆದಾರರ ಗುಂಪುಗಳಿಗೆ ನಿರ್ವಹಣೆ ವಹಿಸಿಕೊಟ್ಟಿತು. 1992ರಲ್ಲಿ ಶೇ. 26ರಷ್ಟಿದ್ದ ಕಾಡು 2016ರ ಹೊತ್ತಿಗೆ ಶೇ. 45ಕ್ಕೆ ಏರಿದೆ ಎಂದು ಉಪಗ್ರಹ ಚಿತ್ರಗಳ ಅಧ್ಯಯನ ತೋರಿಸಿದೆ. ಜನ ದುಡಿಯಲು ಹೊರಗೆ ಹೋದದ್ದೂ ಇದಕ್ಕೆ ನೆರವಾಗಿದೆ, ಪೂರ್ತಿ ಶ್ರೇಯ ಕಾಯ್ದೆಗೆ ಕೊಡಲಾಗದು. ಆದರೆ ಗಮನಿಸಿ, ಭೂಮಿಯ ಒಡೆತನ ಇಂದಿಗೂ ಸರ್ಕಾರದ್ದೇ. ಮಾಲೀಕತ್ವದ ಕಲಮಿನಲ್ಲಿ ಒಂದಕ್ಷರವೂ ಬದಲಾಗಿಲ್ಲ.

ವನ್ಯಜೀವಿಗಳ ವಿಷಯಕ್ಕೆ ಬಂದರೆ ನನ್ನ ಸಹೋದ್ಯೋಗಿಗಳಲ್ಲೇ ಎರಡು ಪಂಗಡ. ಖಾಸಗಿ ಪರ ಇರುವವರು ಹೇಳುವುದು ದಕ್ಷಿಣ ಆಫ್ರಿಕಾದ ಬಿಳಿ ಘೇಂಡಾಮೃಗದ ಕಥೆ, ಅದು ತೂಕದ ಕಥೆಯೇ. ಅಲ್ಲಿ 1991ರ ಕಾಯ್ದೆ, ಸರಿಯಾಗಿ ಬೇಲಿ ಹಾಕಿದ ಜಮೀನಿನ ವನ್ಯಪ್ರಾಣಿಗಳ ಮೇಲೆ ಮಾಲೀಕರಿಗೆ ಒಡೆತನವನ್ನು ಗಟ್ಟಿ ಮಾಡಿತು. ಇಂದು ಆ ದೇಶದ ಬಿಳಿ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿ ಜಮೀನುಗಳಲ್ಲಿವೆ. ಅದೇ ಅವಧಿಯಲ್ಲಿ ಸಾರ್ವಜನಿಕ ಒಡೆತನದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಗಳ್ಳರ ಹಾವಳಿಯಿಂದ, 2011ರ ಸುಮಾರಿಗೆ ಹತ್ತು ಸಾವಿರದಷ್ಟಿದ್ದ ಸಂಖ್ಯೆ 2020ರ ಕೊನೆಗೆ ಮೂರು ಸಾವಿರಕ್ಕಿಂತ ಕೆಳಗಿಳಿಯಿತು. ಇಷ್ಟಕ್ಕೇ ನಿಲ್ಲಿಸಿದರೆ ವಾದ ಗೆದ್ದಂತೆ. ಆದರೆ 2023ರಲ್ಲಿ ಎರಡು ಸಾವಿರ ಘೇಂಡಾಗಳ ಒಬ್ಬ ಖಾಸಗಿ ಮಾಲೀಕರು ಕಾವಲಿನ ಖರ್ಚು ತಾಳಲಾಗದೆ ಎಲ್ಲವನ್ನೂ ಹರಾಜಿಗಿಟ್ಟರು. ಒಬ್ಬರೂ ಕೂಗಲಿಲ್ಲ. ಕೊನೆಗೆ ಆಫ್ರಿಕನ್ ಪಾರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ಅವನ್ನು ಕೊಂಡು, ಬೇರೆ ಬೇರೆ ಕಾಡುಗಳಿಗೆ ಬಿಡುವ ಹೊಣೆ ಹೊತ್ತಿತು. ಪ್ರಾಣಿಯ ಪಾಲನೆಯನ್ನು ಒಬ್ಬರ ಜೇಬಿಗೆ ಕಟ್ಟಿದರೆ, ಜೇಬು ಬರಿದಾದ ದಿನ ಏನು ಮಾಡಬೇಕೆಂಬುದೂ ಯೋಜನೆಯಲ್ಲಿ ಇರಬೇಕು.

ಬೇಲಿಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ವಲಸೆ ಹೋಗುವ ಪ್ರಾಣಿಯನ್ನು ಬೇಲಿಯೊಳಗೆ ಇಟ್ಟು ಉಳಿಸಲಾಗದು. ಕೆನ್ಯಾದಲ್ಲಿ ವನ್ಯಜೀವಿ ಸರ್ಕಾರದ್ದು, ಬೇಟೆಗೆ 1977ರಿಂದಲೇ ನಿಷೇಧ. ಆದರೂ ಅಲ್ಲಿನ ಹುಲ್ಲುಗಾವಲು ಪ್ರದೇಶಗಳಲ್ಲಿ 1977ರಿಂದ 2016ರವರೆಗೆ ವನ್ಯಪ್ರಾಣಿಗಳ ಸಂಖ್ಯೆ ಸರಾಸರಿ ಶೇ. 68ರಷ್ಟು ಕುಸಿದಿದೆ. ಪ್ರಾಣಿ ಸರ್ಕಾರದ್ದು, ಅದು ಮೇಯುವ ಹುಲ್ಲು ಬೇರೊಬ್ಬರದ್ದು. ಆ ಬೇರೊಬ್ಬರಿಗೆ ಅದರಿಂದ ನಷ್ಟವೇ ಹೊರತು ಲಾಭವಿಲ್ಲ. ಅಲ್ಲಿನ ಮಾಸಾಯಿ ಮಾರಾ ವನ್ಯಧಾಮದ ಸುತ್ತ ಸಾಮೂಹಿಕ ನೆಲವನ್ನು ಕುಟುಂಬಗಳಿಗೆ ಹಂಚಿದ ಮೇಲೆ ಕೆಲವು ಕಡೆ ಮಾಲೀಕರು ತಮ್ಮ ತುಂಡುಗಳನ್ನು ಒಟ್ಟುಗೂಡಿಸಿ, ಬೇಲಿ ಹಾಕದೆ, ಪ್ರವಾಸೋದ್ಯಮದವರಿಗೆ ಗುತ್ತಿಗೆ ಕೊಟ್ಟರು. ಪ್ರಾಣಿ ಓಡಾಡಿದರೂ ಬಾಡಿಗೆ ಕೈಗೆ ಬರುತ್ತದೆ. 2020ರಲ್ಲಿ ಪ್ರವಾಸಿಗರು ನಿಂತಾಗ ಆ ಬಾಡಿಗೆಗೂ ಕುತ್ತು ಬಂತು. ನನ್ನ ಮಟ್ಟಿಗೆ ಇದು ಇಡೀ ಕ್ಷೇತ್ರದ ಅತ್ಯಂತ ಭರವಸೆಯ ಪ್ರಯೋಗ, ಜೊತೆಗೆ ಅತ್ಯಂತ ದುರ್ಬಲವಾದದ್ದೂ ಹೌದು.

ಸರ್ಕಾರದ ಪರ ವಾದಿಸುವವರಿಗೆ ನಾನು ನೆನಪಿಸುವುದು ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಬೆಟ್ಟವನ್ನು. ಆಗ ಆ ರಾಜ್ಯವೇ ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದವರಿಗೆ 5 ಡಾಲರ್ ಬಹುಮಾನ ಕೊಡುತ್ತಿತ್ತು. ವಲಸೆ ಬರುವ ಗಿಡುಗಗಳನ್ನು ಆ ಬೆಟ್ಟದ ಮೇಲೆ ನಿಂತು ಸಾಲುಸಾಲಾಗಿ ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೋಸಲೀ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನು ಗುತ್ತಿಗೆಗೆ ಪಡೆದು, ಕಾವಲಿಟ್ಟು, ಬೇಟೆ ನಿಲ್ಲಿಸಿದರು, ಮುಂದೆ ಕೊಂಡೇಬಿಟ್ಟರು. ‘ನನ್ನ ಜಾಗದಲ್ಲಿ ಬೇಡ’ ಎನ್ನಲು ಅವರಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಸರ್ಕಾರದ ನೀತಿಯೇ ತಪ್ಪಾಗಿದ್ದಾಗ ಎಲ್ಲ ನೆಲವೂ ಅದರದ್ದೇ ಆಗಿದ್ದರೆ, ಆ ಗಿಡುಗಗಳಿಗೆ ಎಲ್ಲೂ ಆಸರೆ ಇರುತ್ತಿರಲಿಲ್ಲ. ಹಾಗಾಗಿ ಒಂದು ಪ್ರದೇಶದಲ್ಲಿ ಹಲವು ಬಗೆಯ ಮಾಲೀಕರಿದ್ದಾರೆ ಎಂದು ಕಡತದಲ್ಲಿ ಕಂಡರೆ ಅದನ್ನು ತೊಡಕು ಎಂದು ನಾನು ಬರೆಯುವುದಿಲ್ಲ.

ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ, ಫೋಟೊಗೂ ಯಾರೂ ಹುಡುಕಿಕೊಂಡು ಬಾರದ ಜೀವಿಗಳು ಬೇಕಾದಷ್ಟಿವೆ: ಜೌಗಿನ ಕಪ್ಪೆ, ಮಣ್ಣೊಳಗಿನ ಹುಳು, ಬೇಸಿಗೆಯಲ್ಲಿ ಒಣಗಿ ಮಳೆಯಲ್ಲಿ ತುಂಬುವ ಸಣ್ಣ ಹೊಂಡದಲ್ಲಿ ಮೊಟ್ಟೆಯಿಡುವ ಕೀಟ. ಇವಕ್ಕೆ ಬಾಡಿಗೆ ಕೊಡುವವರಿಲ್ಲ, ಹರಾಜಿನಲ್ಲಿ ಕೂಗುವವರಂತೂ ಇಲ್ಲವೇ ಇಲ್ಲ. ಇವಕ್ಕೆ ಸಾರ್ವಜನಿಕ ಹಣವೇ ಬೇಕು, ಖಾಸಗಿ ಜಮೀನಿನಲ್ಲಿದ್ದರೂ ಸಾರ್ವಜನಿಕ ಹಣವೇ ಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಆ ಜೋಡಿ ಜಮೀನುಗಳ ಯೋಜನೆಯಲ್ಲಿ ನಾನೊಂದು ಷರತ್ತು ಸೇರಿಸಿದ್ದೇನೆ: ಎಲ್ಲ ಪಂಪ್‌ಗಳಿಗೂ ಮೀಟರ್, ಎಲ್ಲರ ರೀಡಿಂಗ್ ಎಲ್ಲರಿಗೂ ಕಾಣಬೇಕು, ಸಾರ್ವಜನಿಕ ಜಮೀನಿನ ವೀಕ್ಷಣಾ ಬಾವಿಯ ಅಳತೆಯೂ ಸೇರಿ. ಮೀಟರ್ ಹಾಕಲು ಬಹುತೇಕ ಎಲ್ಲರೂ ಒಪ್ಪಿದ್ದಾರೆ. ರೀಡಿಂಗ್ ಹಂಚಿಕೊಳ್ಳುವ ಮಾತು ಬಂದಾಗ ಖಾಸಗಿಯವರೂ ಹಿಂಜರಿದರು, ಸಾರ್ವಜನಿಕ ಜಮೀನಿನ ಹೊಣೆ ಹೊತ್ತವರೂ ಹಿಂಜರಿದರು. ಮುಂದಿನ ಸಭೆಯಲ್ಲಿ ಚರ್ಚೆಗಿರುವುದು ಅದೊಂದೇ ವಿಷಯ.