ಗಂಡಿನ ಕಡೆಯವರು ಮೂರು ಜನ, ಬಾಗಿಲಲ್ಲಿ ಬೌನ್ಸರ್

ಹೋದ ಭಾನುವಾರ ಬೆಳಗ್ಗೆ ಆರೂವರೆಗೆ ಎದ್ದು ಹಾಲ್ ಲೈಟ್ ಹಾಕ್ದೆ, ಟ್ಯಾಂಕಲ್ಲಿ ಒಂದೇ ಗಲಾಟೆ. ಶಿವಾಜಿನಗರದಿಂದ ತಂದಿದ್ದ ಆರು ಜೀಬ್ರಾ ಮೀನಲ್ಲಿ ಎರಡು ಗಂಡು ಒಂದು ಹೆಣ್ಣಿನ ಹಿಂದೆ ಬಿದ್ದಿವೆ. ಇವು ಬೆಳಕು ಹರೀತಿದ್ದಂಗೇ ಮೊಟ್ಟೆ ಇಡೋದು, ಇಟ್ಟಿದ್ದನ್ನ ತಾವೇ ತಿಂದೂ ಹಾಕ್ತವೆ, ಅದಕ್ಕೇ ಹಿಂದಿನ ರಾತ್ರಿ ತಳದಲ್ಲಿ ಗೋಲಿ ಹರಡಿದ್ದೆ, ಮೊಟ್ಟೆ ಸಂದೀಲಿ ಇಳಿದ್ರೆ ಬಾಯಿಗೆ ಸಿಗಲ್ಲ. ಅಮ್ಮ ಕಾಫಿ ಹಿಡ್ಕೊಂಡು ಬಂದು "ಬೆಳ್ಬೆಳಗ್ಗೆ ಮೀನಿನ ಮದ್ವೆ ನೋಡ್ತಾ ಕೂತಿದ್ದೀಯಲ್ಲೋ, ನಿಂದ್ಯಾವಾಗ?" ಅಂದ್ರು. ನಾನು ಕಾಫಿ ಮಾತ್ರ ಇಸ್ಕೊಂಡೆ.

ನಂಗೆ ಹುಚ್ಚು ಹಿಡಿಸಿರೋದು ಇದರ ಟೈಮಿಂಗು. ಎಲ್ಲಾ ಹೊರಗಡೆ ನೀರಲ್ಲೇ ಆಗ್ಬೇಕು. ಗಂಡಿನ ಹೊಟ್ಟೇಲಿ ತೆಪ್ಪಗೆ ಬಿದ್ದಿರೋ ವೀರ್ಯಾಣುಗಳು ಸಿಹಿನೀರು ತಾಗಿದ್ರೆ ಎದ್ದು ಓಡ್ತವೆ, ಅದೂ ಹೆಚ್ಚುಕಮ್ಮಿ ಒಂದೇ ನಿಮಿಷ, ಆಮೇಲೆ ಸುಸ್ತು. ಮೊಟ್ಟೆ ಚಿಪ್ಪಲ್ಲಿರೋದು ಒಂದೇ ಒಂದು ತೂತು, ಮೈಕ್ರೊಪೈಲ್ ಅಂತ, ಒಂದು ವೀರ್ಯಾಣು ತೂರೋಷ್ಟೇ ಅಗಲ. ಮನುಷ್ಯರ ವೀರ್ಯಾಣು ತಲೇಲಿ ಕಿಣ್ವದ ಚೀಲ ಇರತ್ತೆ, ಇವಕ್ಕೆ ಅದಿಲ್ಲ, ಬಾಗಿಲು ಇದ್ಮೇಲೆ ಗೋಡೆ ಯಾಕೆ ಕೊರೀಬೇಕು ಹೇಳಿ. ಆದ್ರೆ ಮೊಟ್ಟೆನೂ ಕಾಯಲ್ಲ, ನೀರು ಸೋಕ್ತು ಅಂದ್ರೆ ವೀರ್ಯಾಣು ಬಂದಿರ್ಲಿ ಬಿಡ್ಲಿ, ಚಿಪ್ಪು ಉಬ್ಬಿ ತೂತು ಮುಚ್ಕೊಂಬಿಡತ್ತೆ.

ತೂತು ದಾಟಿದ್ರೂ ಮುಗೀಲಿಲ್ಲ. ಒಳಗಿನ ಪೊರೆ ಮೇಲೆ ಒಂದು ಪ್ರೋಟೀನ್ ಇದೆ, ಹೆಸರು ಬೌನ್ಸರ್, ಜೋಕಲ್ಲ. 2018ರಲ್ಲಿ ವಿಯೆನ್ನಾದ ಆಂಡ್ರಿಯಾ ಪೌಲಿ ಅವರ ಲ್ಯಾಬ್ ಇಟ್ಟ ಹೆಸರು. ಇಂದಿರಾನಗರದ ಪಬ್ ಮುಂದೆ "ಸ್ಟ್ಯಾಗ್ ಎಂಟ್ರಿ ಇಲ್ಲ ಬಾಸ್" ಅಂತಾರಲ್ಲ, ಅದೇ ಕೆಲಸ, ಬೇರೆ ಜಾತಿ ವೀರ್ಯಾಣುನ ಒಳಗೆ ಬಿಡಲ್ಲ. ಅವರು ಜೀಬ್ರಾ ಮೀನಿನ ಮೊಟ್ಟೆಗೆ ಮೆಡಾಕ ಅನ್ನೋ ದೂರದ ಜಾತಿ ಮೀನಿನ ಬೌನ್ಸರ್ ಹಾಕಿ ನೋಡಿದ್ರು, ಮೆಡಾಕ ವೀರ್ಯಾಣು ಒಳಗೇ ಹೋಯ್ತು! ಆಮೇಲೆ 2024ರಲ್ಲಿ ಆಲ್ಫಾಫೋಲ್ಡ್ ಅನ್ನೋ, ಪ್ರೋಟೀನ್ ಆಕಾರ ಊಹಿಸೋ ಎಐ ಪ್ರೋಗ್ರಾಂ ಹಿಡ್ಕೊಂಡು ಗಂಡಿನ ಕಡೆಯವರು ಯಾರ್ಯಾರು ಅಂತಾನೂ ಪತ್ತೆ ಆಯ್ತು, ವೀರ್ಯಾಣು ಮೇಲಿರೋ ಮೂರು ಪ್ರೋಟೀನ್, ಇಝುಮೊ1, ಸ್ಪಾಕಾ6, ಟಿಎಂಇಎಂ81. ಮೂರೂ ಒಟ್ಟಿಗೆ ನಿಂತ್ರೇನೇ ಬೌನ್ಸರ್‌ಗೆ ಹಿಡ್ಕೊಳಕ್ಕೆ ಜಾಗ ಸಿಗೋದು. ಇಝುಮೊ ಅಂದ್ರೆ ಜಪಾನಲ್ಲಿ ಮದುವೆಗೆ ಹರಕೆ ಹೊರೋ ದೇವಸ್ಥಾನ. ಈ ಮೂವರು ನಮ್ಮಲ್ಲೂ ಅವರೇ, ಹೆಣ್ಣಿನ ಕಡೆ ಮಾತ್ರ ಬೌನ್ಸರ್ ಬದ್ಲು ಜೂನೋ ಅನ್ನೋ ಬೇರೆ ಪ್ರೋಟೀನ್.

ಗೋಲಿ ಸಂದಿಯಿಂದ 43 ಮೊಟ್ಟೆ ಎಳ್ದೆ. ಮಾರನೇ ದಿನಕ್ಕೆ 11 ಬೆಳ್ಳಗಾಗಿದ್ವು, ಎಸೆದೆ. ಮಿಕ್ಕಿದ್ದು ಬುಧವಾರ ಒಡೆದು ಮರಿಗಳು ರೆಪ್ಪೆ ಕೂದಲಿನ ತರ ಗಾಜಿಗೆ ಅಂಟ್ಕೊಂಡಿವೆ, ಅಮ್ಮ ಕನ್ನಡಕ ಹಾಕ್ಕೊಂಡು ದಿನಾ ಎಣಿಸ್ತಾರೆ, ಒಂದ್ಸಲಾನೂ ಲೆಕ್ಕ ಒಂದೇ ಬಂದಿಲ್ಲ.