ಯಾವುದನ್ನು ಉಳಿಸಲಿ?

14 ಜೂನ್ 2025, ಶನಿವಾರ, ರಾತ್ರಿ

ಬಿತ್ತಿದ ಮೂಲಂಗಿ ಬೀಜವೆಲ್ಲ ಎದ್ದುಬಿಟ್ಟಿದೆ. ಎಲ್ಲವೂ ಮೊಳೆಯುವುದಿಲ್ಲವೆಂದು ಸ್ವಲ್ಪ ಒತ್ತಾಗಿಯೇ ಬಿತ್ತುವುದು ವಾಡಿಕೆ, ಹಾಗಾಗಿ ಈಗ ಕುಂಡದಲ್ಲಿ ಕಾಲಿಡಲು ಜಾಗವಿಲ್ಲ. ಒಂದೊಂದಕ್ಕೂ ಹೃದಯದಾಕಾರದ ಎರಡು ಬೀಜದಳ, ಅವುಗಳ ನಡುವಿನಿಂದ ಇಣುಕುತ್ತಿರುವ, ಸಣ್ಣ ರೋಮವಿರುವ ಒರಟು ಎಲೆ. ಕಾಂಡ ಮಣ್ಣಿಗೆ ತಾಗುವ ಕಡೆ ನಸುಗೆಂಪು. ಇವುಗಳಲ್ಲಿ ಮುಕ್ಕಾಲು ಪಾಲನ್ನು ನಾನೇ ತೆಗೆಯಬೇಕು.

ಕೈ ಬರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಗಿಡಗಳ ವಿಷಯವೆಂದರೆ ಅವರು ಊಟ ಬಿಟ್ಟು ಮಾತನಾಡುತ್ತಾರೆ.

"ನಾಳೆಗೆಂದು ಇಡಬೇಡ," ಎಂದರು. "ಗೆಡ್ಡೆ ಕಟ್ಟಲು ಜಾಗ ಸಿಗದಿದ್ದರೆ ಸೊಪ್ಪಷ್ಟೇ ಬೆಳೆಯುತ್ತದೆ. ನಿನ್ನದು ಸಣ್ಣ ದುಂಡು ಮೂಲಂಗಿ ತಾನೇ? ಸಸಿಯಿಂದ ಸಸಿಗೆ 5 ಸೆಂಟಿಮೀಟರ್ ಆದರೂ ಬಿಡು."

"ತೆಗೆದದ್ದನ್ನು ಬೇರೆ ಕುಂಡದಲ್ಲಿ ನೆಟ್ಟರಾಗದೇ ಚಿಕ್ಕಮ್ಮ?"

"ಟೊಮೆಟೊ ಆಗಿದ್ದರೆ ನೆಡು ಎನ್ನುತ್ತಿದ್ದೆ. ಅದನ್ನು ಕಾಂಡದವರೆಗೆ ಹೂತರೂ ಕಾಂಡದಿಂದಲೇ ಹೊಸ ಬೇರು ಬಿಡುತ್ತದೆ. ಮೂಲಂಗಿ, ಕ್ಯಾರೆಟ್ ಹಾಗಲ್ಲ. ನಾವು ಕಾಯುವುದೇ ಅವುಗಳ ತಾಯಿಬೇರಿಗಾಗಿ. ಅದರ ತುದಿಗೆ ಪೆಟ್ಟಾದರೆ ಮುಂದೆ ಕವಲೊಡೆದು ಸೊಟ್ಟಗಾಗುತ್ತದೆ."

"ಹಾಗಾದರೆ ಯಾವುದನ್ನು ಉಳಿಸಲಿ?"

"ಬುಡ ನೋಡು, ಎತ್ತರ ನೋಡಬೇಡ. ಉದ್ದ ಹೋದದ್ದು ಬೆಳಕು ಸಾಲದೆ ಚಾಚಿಕೊಂಡದ್ದು. ಗಿಡ್ಡಗೆ, ಗಟ್ಟಿಯಾಗಿ ನಿಂತದ್ದನ್ನು ಬಿಡು. ಮತ್ತೆ, ಕೀಳಲು ಹೋಗಬೇಡ, ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕತ್ತರಿಯಲ್ಲಿ ಮಣ್ಣಿನ ಮಟ್ಟಕ್ಕೆ ಕತ್ತರಿಸು."

ಕತ್ತರಿಸಿದೆ. ಮೊದಲನೆಯದಕ್ಕೆ ಕತ್ತರಿ ಹಾಕಿದ ಕೂಡಲೇ ಮೂಗಿಗೆ ಮೂಲಂಗಿಯ ಘಾಟು ಬಡಿಯಿತು. ಇಷ್ಟು ಎಳೆಯದರಲ್ಲೇ! ಅದು ಇನ್ನೂ ಕಷ್ಟವಾಯಿತು. ನೀರು ಹಾಕುವುದು, ಬಿಸಿಲು ಹೋದ ಕಡೆಗೆಲ್ಲ ಕುಂಡ ಸರಿಸುವುದು, ಇವೆಲ್ಲ ಆರೈಕೆಯೆಂದು ಮನಸ್ಸು ಒಪ್ಪುತ್ತದೆ. ಇದನ್ನು ಒಪ್ಪುವುದಿಲ್ಲ. ಹೀಗೆ ಒತ್ತಾಗಿ ಬಿಟ್ಟರೆ ನಡುವೆ ಗಾಳಿಯಾಡದೆ ಮಣ್ಣಿನ ಮೇಲ್ಪದರ ಸದಾ ತೇವವಾಗಿರುತ್ತದೆ, ಶಿಲೀಂಧ್ರ ತಗುಲಿ ಸಸಿಗಳ ಬುಡವೇ ಕೊಳೆತು ಗುಂಪುಗುಂಪಾಗಿ ಮಲಗಿಬಿಡುತ್ತವೆ ಎಂದು ಗೊತ್ತಿದೆ. ಗೊತ್ತಿದ್ದೂ ಪ್ರತಿಯೊಂದಕ್ಕೂ ಕತ್ತರಿ ಒಮ್ಮೆ ತಡೆಯುತ್ತಿತ್ತು.

ಪುಟ್ಟಿ ಪಕ್ಕದಲ್ಲೇ ಕುಳಿತು ಕತ್ತರಿಸಿದ್ದನ್ನೆಲ್ಲ ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು: "ಅಮ್ಮ, ಪಕ್ಕದ್ದು ಹೋಯಿತೆಂದು ಉಳಿದದ್ದಕ್ಕೆ ಗೊತ್ತಾಗುತ್ತದೆಯೇ?"

ಗೊತ್ತಾಗುತ್ತದೆ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅದರ ಆಚೆಗಿನ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪನ್ನು ಬಹುಪಾಲು ಹಾಗೆಯೇ ಹೊರಗೆ ಬಿಡುತ್ತದೆ. ಆ ಕಡುಗೆಂಪಿನ ಪಾಲು ಹೆಚ್ಚಾದೊಡನೆ ಪಕ್ಕದಲ್ಲಿ ಇನ್ನೊಂದು ಗಿಡವಿದೆ ಎಂಬುದು ಸಸಿಗೆ ತಿಳಿಯುತ್ತದೆ. ನೆರಳು ಬೀಳುವ ಮೊದಲೇ ಅದು ಕಾಂಡ ಚಾಚಲು ತೊಡಗುತ್ತದೆ. ಚಿಕ್ಕಮ್ಮ ಹೇಳಿದ ಉದ್ದನೆಯ ಸಸಿಗಳಲ್ಲಿ ಎಷ್ಟೋ ಹೀಗೆ ನೆರೆಯವರನ್ನು ಕಂಡು ಧಾವಂತಕ್ಕೆ ಬಿದ್ದವೇ ಇರಬೇಕು. ಪಕ್ಕದವು ಹೋದರೆ ಬೆಳಕಿನ ಬಣ್ಣವೂ ಬದಲಾಗುತ್ತದೆ. ಪುಟ್ಟಿಗೆ ಇಷ್ಟೆಲ್ಲ ಹೇಳಲಿಲ್ಲ. "ಬೆಳಕಿನಿಂದ ಗೊತ್ತಾಗುತ್ತದೆ" ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿ ತಟ್ಟೆಯ ಕಡೆಗೆ ತಿರುಗಿದಳು.

ಬೀನ್ಸ್ ಮಾತ್ರ ಸಂಭ್ರಮದಲ್ಲಿದೆ! ಬೆಳಿಗ್ಗೆ ಕೊಕ್ಕೆಯಂತೆ ಬಾಗಿದ ಕತ್ತಷ್ಟೇ ಮಣ್ಣು ಸೀಳಿಕೊಂಡು ಹೊರಗೆ ಕಾಣುತ್ತಿತ್ತು, ಸಂಜೆಯ ಹೊತ್ತಿಗೆ ಎರಡು ಹೋಳಾದ ಬೀಜವನ್ನೂ ಮೇಲಕ್ಕೆ ಎತ್ತಿಕೊಂಡು ನೆಟ್ಟಗೆ ನಿಂತಿದೆ. ಅದನ್ನು ನೋಡಿಯೇ ಅರ್ಧ ದಣಿವು ಹೋಯಿತು. ಕಚೇರಿಯ ವಿಷಯ ಬರೆಯುವುದಿಲ್ಲ.

ಮೆಣಸಿನಕಾಯಿ ಕುಂಡದಲ್ಲಿ ಇನ್ನೂ ಸುದ್ದಿಯಿಲ್ಲ. ಪುಟ್ಟಿ ಅಲ್ಲಲ್ಲಿ ಕೆದಕಿ ನೋಡುತ್ತಿದ್ದಾಳೆ, ಬೇಡವೆಂದರೂ ಕೇಳುವುದಿಲ್ಲ. ಅದು ನಿಧಾನದ ಬೀಜ. ಮಣ್ಣು ಬೆಚ್ಚಗಿಲ್ಲದಿದ್ದರೆ ಎರಡು ಮೂರು ವಾರ ಹಿಡಿಯುವುದೂ ಉಂಟು. ಹಗಲೇನೋ ಬಿಸಿಲಿದೆ, ರಾತ್ರಿ ಅಲ್ಲೇ ಬಿಟ್ಟರೆ ತಣ್ಣಗಾಗುತ್ತದೆಯೇನೋ. ಒಳಗೆ ತಂದಿಟ್ಟು ಬೆಳಿಗ್ಗೆ ಮತ್ತೆ ಹೊರಗೆ ಇಡಬಹುದು, ಆದರೆ ದಿನವೂ ಎತ್ತಿ ಇಳಿಸುವಾಗ ಮಣ್ಣು ಅಲುಗಾಡಿ ಬೀಜ ಇನ್ನೂ ಆಳಕ್ಕೆ ಹೋದೀತು.